ಕಲ್ಲಿನ ಜೊತೆ ಬಂದ ಕರೆಯದ ನೆಂಟರು

ನಮಸ್ಕಾರ. ನೀವು ನೋಡುತ್ತಿರುವ ಈ ನೀಲಿ ಡ್ರಮ್ ಕೋಲಾರದಲ್ಲಿ ಯಾರ ಮನೆಗೆ ಹೋದರೂ ಸಿಗುತ್ತದೆ. ಟ್ಯಾಂಕರ್ ಬಂದಾಗ ನೀರು ತುಂಬಿಸಿಡುವುದಕ್ಕೆ. ನಮ್ಮ ಮನೆಯ ಈ ಡ್ರಮ್‌ನಲ್ಲಿ ಮಾತ್ರ ಈಗ ಸಮುದ್ರದ ನೀರಿದೆ. ಅಂದರೆ ನಾನೇ ಕಲಸಿದ ಸಮುದ್ರದ ನೀರು. ಒಳಗೆ ಪಂಪ್ ಓಡುತ್ತಿದೆ, ಹೀಟರ್ ಇದೆ, ತಳದಲ್ಲಿ ಕಲ್ಲುಗಳಿವೆ. ಮೀನು ಒಂದೂ ಇಲ್ಲ. ಈ ವಿಡಿಯೊ ಪೂರ್ತಿ ನೋಡಿದರೂ ಮೀನು ಬರುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಉಪ್ಪುನೀರಿನ ಅಕ್ವೇರಿಯಂನಲ್ಲಿ ಅಸಲಿ ಕೆಲಸ ಮಾಡುವುದು ಈ ಕಲ್ಲೇ. ಲೈವ್ ರಾಕ್ ಅನ್ನುತ್ತಾರೆ. ಸಮುದ್ರದಲ್ಲಿ ಅದು ಸತ್ತ ಹವಳದ ಗೂಡು, ಕ್ಯಾಲ್ಸಿಯಂ ಕಾರ್ಬೊನೇಟ್. ಒಳಗೆಲ್ಲ ಸಣ್ಣ ಸಣ್ಣ ತೂತು. ಆ ತೂತುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. ಮೀನಿನ ಕೊಳೆಯಿಂದ ಅಮೋನಿಯ ಹುಟ್ಟುತ್ತದೆ, ಅದು ಮೀನಿಗೇ ವಿಷ. ಕಲ್ಲಿನ ಮೇಲ್ಮೈಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಕಲ್ಲಿನ ಆಳದಲ್ಲಿ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ. ಅಲ್ಲಿರುವ ಬೇರೆ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ.

ನಮ್ಮಮ್ಮ ಕೇಳಿದರು, "ಕಲ್ಲಿಗೂ ದುಡ್ಡು ಕೊಟ್ಟು ತಂದಿದ್ದೀಯೇನೋ? ಅಂತರಗಂಗೆ ಬೆಟ್ಟದಲ್ಲಿ ಬಿದ್ದಿರೋದೆಲ್ಲ ಏನು?" ಪ್ರಶ್ನೆ ಸರಿಯಾಗೇ ಇದೆ. ಆದರೆ ಅಂತರಗಂಗೆಯ ಬಂಡೆ ಗ್ರಾನೈಟ್. ಗಟ್ಟಿ. ತೂತೇ ಇಲ್ಲದ ಕಲ್ಲಿನ ಒಳಗೆ ಯಾರು ಇರುತ್ತಾರೆ?

ಹಾಗಾದರೆ ಸಮುದ್ರದಿಂದಲೇ ಹವಳದ ಕಲ್ಲು ತರಬಹುದಾ? ತರಬೇಡಿ. ಬಂಡೆ ಕಟ್ಟುವ ಹವಳಗಳನ್ನೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ಗೆ ಸೇರಿಸಿದ್ದಾರೆ. ಹುಲಿ ಇರುವುದೂ ಅದೇ ಶೆಡ್ಯೂಲ್‌ನಲ್ಲಿ. ಮನ್ನಾರ್ ಕೊಲ್ಲಿಯಿಂದ ಬಂದ ಕಲ್ಲು ಅಂತ ಯಾರಾದರೂ ಪಿಸುಗುಟ್ಟಿ ಮಾರಲು ಬಂದರೆ ಅಲ್ಲಿಂದ ಎದ್ದು ಬನ್ನಿ. ಅದು ರಾಷ್ಟ್ರೀಯ ಉದ್ಯಾನ. ಹವಳ ತೆಗೆದೂ ತೆಗೆದೂ ಅಲ್ಲಿ ಸಣ್ಣ ದ್ವೀಪಗಳೇ ಮುಳುಗಿವೆ.

ನನ್ನ ಕಲ್ಲು ಮನುಷ್ಯರು ಮಾಡಿದ್ದು. ಬೆಂಗಳೂರಿನ ಸ್ನೇಹಿತರೊಬ್ಬರು ಸಿಮೆಂಟು, ಚಿಪ್ಪಿನ ಪುಡಿ, ಕಲ್ಲುಪ್ಪು ಸೇರಿಸಿ ಅಚ್ಚು ಹಾಕಿದ್ದರು. ನೀರಿಗೆ ಹಾಕಿದಾಗ ಉಪ್ಪು ಕರಗಿಹೋಗುತ್ತದೆ, ಅದಿದ್ದ ಜಾಗ ತೂತಾಗುತ್ತದೆ. ಸಿಮೆಂಟಿನ ಕ್ಷಾರ ಬಿಡುವ ತನಕ ವಾರಗಟ್ಟಲೆ ನೆನೆಸಿ, ಆಮೇಲೆ ವರ್ಷಗಟ್ಟಲೆ ತಮ್ಮ ಅಕ್ವೇರಿಯಂ ಟ್ಯಾಂಕ್‌ನಲ್ಲೇ ಇಟ್ಟಿದ್ದರು. ಈಗ ನೇರಳೆ ಬಣ್ಣ ಕಾಣುತ್ತಿದೆಯಲ್ಲ, ಅದು ಕೋರಲೈನ್ ಪಾಚಿ, ಕಲ್ಲಿಗೆ ಗಟ್ಟಿಯಾಗಿ ಅಂಟಿ ಬೆಳೆಯುವಂಥದ್ದು. ಒದ್ದೆ ಪೇಪರಿನಲ್ಲಿ ಸುತ್ತಿ, ಟೊಮೆಟೊ ಕ್ರೇಟ್‌ನಲ್ಲಿ ತುಂಬಿ ತಂದೆ. 70 ಕಿಲೋಮೀಟರ್ ಅಷ್ಟೇ. ದಾರಿ ಉದ್ದವಾದಷ್ಟೂ ಕಲ್ಲಿನ ಮೇಲಿನ ಜೀವಿಗಳು ಸಾಯುತ್ತವೆ. ಸತ್ತದ್ದು ಕೊಳೆತು ಅಮೋನಿಯ ಆಗುತ್ತದೆ. ಸ್ಪಂಜು ಅನ್ನುವ ಸಮುದ್ರ ಜೀವಿ ಇದ್ದರೆ ಇನ್ನೂ ಕಷ್ಟ, ಅದಕ್ಕೆ ಗಾಳಿ ಸೋಕಿದರೇ ಆಗುವುದಿಲ್ಲ. ಅದಕ್ಕೇ ಮೊದಲು ಡ್ರಮ್. ಕಲ್ಲು ಇಲ್ಲಿ ವಾರಗಟ್ಟಲೆ ಕತ್ತಲಲ್ಲಿ ಇರುತ್ತದೆ, ನಾನು ನೀರು ಬದಲಿಸುತ್ತಿರುತ್ತೇನೆ. ಮೂಗು ಹತ್ತಿರ ತಂದರೆ ಕೊಳೆತ ವಾಸನೆ ಇರಬಾರದು. ಅಲ್ಲಿಯ ತನಕ ಟ್ಯಾಂಕ್‌ಗೆ ಪ್ರವೇಶ ಇಲ್ಲ.

ನೀರಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಬೇರೆ. ಕಾಯಿನ್ ಹಾಕಿ ತುಂಬಿಸುವ ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತೇನೆ. ಕುಡಿಯಲು ಅದು ಸಾಕು, ಟ್ಯಾಂಕ್‌ಗೆ ಸಾಲದು. ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಫಿಲ್ಟರ್ ದಾಟಿಸಿ ಮೀಟರ್‌ನಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಾಂಶ, ಸೊನ್ನೆ ತೋರಿಸಿದ ಮೇಲೇ ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪು ಕಲಸುವುದು. ಲೀಟರಿಗೆ ಹೆಚ್ಚುಕಡಿಮೆ 35 ಗ್ರಾಂ, ಶುದ್ಧ ನೀರಿನ ಸಾಂದ್ರತೆ 1 ಅಂದರೆ ಇದರದು 1.025. ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ 400 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ, 1300ರಷ್ಟು ಮೆಗ್ನೀಸಿಯಂ ಇರುತ್ತದೆ, ಅದೆಲ್ಲ ಬೇಕು. ಬೇಸಿಗೆಯಲ್ಲಿ ನೀರು ಆವಿಯಾದರೆ ಬರೀ ಸಿಹಿನೀರು ಸೇರಿಸಿ. ಉಪ್ಪು ಆವಿಯಾಗುವುದಿಲ್ಲ, ಅಲ್ವಾ?

ಸರಿ, ಈಗ ಮಜಾ ಇರುವ ಭಾಗ. ರಾತ್ರಿ. ಲೈಟೆಲ್ಲ ಆರಿಸಿ, ಟಾರ್ಚ್‌ಗೆ ಕೆಂಪು ಜಿಲಾಟಿನ್ ಪೇಪರ್ ಕಟ್ಟಿದ್ದೇನೆ. ಇಲ್ಲಿರುವ ಬಹಳ ಜೀವಿಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ. ನೋಡಿ, ಹಗಲಲ್ಲಿ ಖಾಲಿ ಅನಿಸಿದ ಕಲ್ಲು ಈಗ ಹೇಗೆ ಓಡಾಡುತ್ತಿದೆ. ಈ ಚುಕ್ಕಿಗಳು ಕೋಪೆಪಾಡ್, ಸೀಗಡಿಯ ಪುಟಾಣಿ ದೂರದ ನೆಂಟರು. ಸ್ವಲ್ಪ ದೊಡ್ಡದು, ಪಕ್ಕಕ್ಕೆ ಹಾರುವುದು, ಆಂಫಿಪಾಡ್. ಇವು ಬಿಟ್ಟಿಯಾಗಿ ಬಂದ ಮೀನಿನ ಊಟ. ಸಂದಿಯಿಂದ ಕೈ ಮಾತ್ರ ಆಚೆ ಹಾಕಿರುವುದು ಬ್ರಿಟಲ್ ಸ್ಟಾರ್, ನಕ್ಷತ್ರ ಮೀನಿನ ನೆಂಟ. ಇರಲಿ, ಒಳ್ಳೆಯದು.

ಇದನ್ನು ನೋಡಿದವರೆಲ್ಲ ಜರಿ ಅಂತ ಕಿರುಚುತ್ತಾರೆ. ಬ್ರಿಸಲ್ ವರ್ಮ್. ಮೈ ಪಕ್ಕದ ಬಿಳಿ ಕೂದಲು ಪಾಪಸುಕಳ್ಳಿಯ ಸಣ್ಣ ಮುಳ್ಳಿನ ಹಾಗೆ ಚರ್ಮಕ್ಕೆ ಚುಚ್ಚಿಕೊಂಡು ಉರಿಯುತ್ತದೆ. ಬರಿಗೈಯಲ್ಲಿ ಕಲ್ಲು ಎತ್ತಬೇಡಿ, ಚುಚ್ಚಿದರೆ ಟೇಪ್ ಅಂಟಿಸಿ ಕಿತ್ತುಬಿಡಿ. ಹವಳ ತಿನ್ನುವ ಫೈರ್‌ವರ್ಮ್ ಬೇರೆ ಜಾತಿ. ಸಾಮಾನ್ಯವಾಗಿ ಸಿಗುವ ಈ ಹುಳು ಕೊಳೆತದ್ದನ್ನು ತಿಂದು ಬದುಕುತ್ತದೆ. ಇದನ್ನು ಕೊಂದು ಹೆಮ್ಮೆಪಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಕಸ ಗುಡಿಸುವವರನ್ನು ಓಡಿಸಿ ಆಮೇಲೆ ಯಾಕೆ ಪಾಚಿ ಅಂತ ಕೇಳುತ್ತಾರೆ.

ಈ ಕಂದು, ಪಾರದರ್ಶಕ ಪುಟ್ಟ ಹೂವು ಇದೆಯಲ್ಲ, ಇದರ ಮೇಲೆ ಮಾತ್ರ ಕರುಣೆ ಬೇಡ. ಐಪ್ಟೇಸಿಯಾ. ಹೂವಿನ ಹಾಗೆ ಕಾಣುವ ಪ್ರಾಣಿ, ಸೀ ಅನಿಮೊನಿ ಜಾತಿಯದು. ಹವಳವನ್ನು ಕುಟುಕುತ್ತದೆ. ಚಾಕುವಿನಿಂದ ಕೆರೆದರೆ ಉಳಿದ ಒಂದೊಂದು ಚೂರೂ ಹೊಸ ಐಪ್ಟೇಸಿಯಾ ಆಗಬಹುದು. ಮದ್ದು ನಮ್ಮ ಎಲೆ ಅಡಿಕೆ ತಟ್ಟೆಯಲ್ಲೇ ಇದೆ: ಸುಣ್ಣ. ವಿದೇಶಗಳಲ್ಲಿ ಕಾಲ್ಕ್‌ವಾಸರ್ ಅಂತ ಡಬ್ಬದಲ್ಲಿ ಮಾರುವುದೂ ಇದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆದರೆ ಬಣ್ಣ, ವಾಸನೆ ಏನೂ ಸೇರಿಸದ ಶುದ್ಧ ಸುಣ್ಣವೇ ಬೇಕು. ಗಟ್ಟಿಯಾಗಿ ಕಲಸಿ, ಪಂಪ್ ನಿಲ್ಲಿಸಿ, ಸಿರಿಂಜ್‌ನಿಂದ ನಿಧಾನಕ್ಕೆ ಅದರ ಬಾಯಿಗೇ ಬಿಡಬೇಕು. ಒಂದೇ ದಿನ ಎಲ್ಲಕ್ಕೂ ಹಾಕಿದರೆ ನೀರಿನ ಪಿಎಚ್ ಏರಿಬಿಡುತ್ತದೆ. ದಿನಕ್ಕೆ ಒಂದೆರಡು ಸಾಕು.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. ಕಲ್ಲನ್ನು ಕುದಿಯುವ ನೀರಿಗೆ ಹಾಕಬೇಡಿ. ನಮ್ಮ ಮನೆಗಳಲ್ಲಿ ಏನು ಹುಳ ಕಂಡರೂ ಮೊದಲು ಬಿಸಿನೀರು ಸುರಿಯುತ್ತೇವೆ. ಇಲ್ಲಿ ಅದು ಜೀವಕ್ಕೇ ಅಪಾಯ. ಕಲ್ಲಿನ ಮೇಲೆ ಬೆಳೆಯುವ ಜೊಆಂಥಿಡ್ ಅನ್ನುವ ಹವಳದ ಬಳಗದ ಕೆಲವು ಜೀವಿಗಳಲ್ಲಿ, ಅದರಲ್ಲೂ ಪಾಲಿಥೋವಾ ಅನ್ನುವುದರಲ್ಲಿ, ಪಾಲಿಟಾಕ್ಸಿನ್ ಅನ್ನುವ ವಿಷ ಇರುತ್ತದೆ. 1971ರಲ್ಲಿ ಹವಾಯಿಯಲ್ಲಿ ಇದನ್ನು ಬೇರ್ಪಡಿಸಿದರು. ಕುದಿಸಿದಾಗ ಆವಿಯ ಜೊತೆ ಅದು ಉಸಿರಿಗೆ ಬರುತ್ತದೆ. ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಗಾಯ ಇದ್ದರೆ ಕೆಲಸ ನಾಳೆಗೆ.

ಈ ಸದ್ದು ಕೇಳಿಸಿತಾ? "ಟಕ್." ಹೆಡ್‌ಫೋನ್ ಇದ್ದರೆ ಚೆನ್ನಾಗಿ ಕೇಳುತ್ತದೆ. ಹೀಗೆ ಸದ್ದು ಮಾಡುವವರು ಇಬ್ಬರು. ಒಬ್ಬ ಮ್ಯಾಂಟಿಸ್ ಶ್ರಿಂಪ್, ಸೀಗಡಿಯಂತೆ ಕಾಣುವ ಬೇಟೆಗಾರ. ಅದರಲ್ಲಿ ಪೀಕಾಕ್ ಜಾತಿಯ ಏಟು ಸೆಕೆಂಡಿಗೆ 23 ಮೀಟರ್ ವೇಗ ಮುಟ್ಟುತ್ತದೆ. ಬಸವನಹುಳುವಿನ ಚಿಪ್ಪು ಪುಡಿ, ಮೀನೂ ಹೋಯಿತು. ಇನ್ನೊಬ್ಬ ಪಿಸ್ತೂಲ್ ಶ್ರಿಂಪ್, ಪುಟ್ಟ ಸೀಗಡಿ. ಅವನು ಕೊಂಡಿ ಮುಚ್ಚಿ ನೀರಿನಲ್ಲಿ ಗುಳ್ಳೆ ಹುಟ್ಟಿಸುತ್ತಾನೆ, ಗುಳ್ಳೆ ಕುಸಿದಾಗ ಆ ಸದ್ದು. ಅವನಿಂದ ತೊಂದರೆ ಕಡಿಮೆ. ಸದ್ದಿನಿಂದಲೇ ತೀರ್ಮಾನಿಸಲು ಆಗುವುದಿಲ್ಲ. ಅದಕ್ಕೆ ದಿನಾ ರಾತ್ರಿ ಕಾದು ಕೂತೆ. ಕೊನೆಗೆ ಒಂದು ಕೊಂಡಿ ದಪ್ಪ, ಒಂದು ಸಣ್ಣ ಇರುವುದು ಕಂಡಿತು. ಪಿಸ್ತೂಲೇ. ಇರಲಿ ಬಿಡಿ.

ಈ ಏಡಿ ಮಾತ್ರ ಬೇಡ. ಮೈತುಂಬಾ ಕೂದಲು, ಕೊಂಡಿಯ ತುದಿ ಕಪ್ಪು, ಚೂಪು. ಚಮಚದ ಆಕಾರದ ಕೊಂಡಿ ಇದ್ದರೆ ಸಾಮಾನ್ಯವಾಗಿ ಪಾಚಿ ತಿನ್ನುವವನು, ಚೂಪಾಗಿದ್ದರೆ ಬೇಟೆಗಾರ. ಗಾಜಿನ ಲೋಟದಲ್ಲಿ ಸೀಗಡಿ ಚೂರು ಹಾಕಿ ಕಲ್ಲಿಗೆ ಓರೆಯಾಗಿ ಒರಗಿಸಿದೆ. ಏಡಿ ಇಳಿಯುತ್ತದೆ, ಜಾರುವ ಗಾಜು ಹತ್ತಲು ಆಗುವುದಿಲ್ಲ. ಇಗೋ, ಸಿಕ್ಕಿದ. ಕೊಲ್ಲುವುದಿಲ್ಲ. ಅಕ್ವೇರಿಯಂ ಟ್ಯಾಂಕ್ ಕೆಳಗೆ ನೀರು ಸೋಸಲು ಇಟ್ಟ ಸಣ್ಣ ತೊಟ್ಟಿಯಲ್ಲಿ, ಅಂದರೆ ಸಂಪ್‌ನಲ್ಲಿ, ಅವನಿಗೆ ಬೇರೆ ಜಾಗ ಮಾಡಿದ್ದೇನೆ.

ಮೀನು ಯಾವಾಗ ಅಂತೀರಾ? ಟೆಸ್ಟ್ ಕಿಟ್‌ನಲ್ಲಿ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಬಂದು ಹಾಗೇ ನಿಲ್ಲಬೇಕು. ಆಮೇಲೂ ಒಂದು ಜೋಡಿ ಕ್ಲೌನ್ ಮೀನು ಮಾತ್ರ, ಅದೂ ಹ್ಯಾಚರಿಯಲ್ಲಿ ಹುಟ್ಟಿದ್ದು. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಇದರ ಮರಿ ಮಾಡಿಸುವುದನ್ನು ಯಾವಾಗಲೋ ಕಲಿತಿದ್ದಾರೆ, ಹಾಗಾಗಿ ಸಮುದ್ರದಿಂದ ಹಿಡಿದ ಮೀನಿಗೆ ಹೋಗುವ ಅಗತ್ಯವೇ ಇಲ್ಲ. ಒಟ್ಟಿಗೆ ಆರೇಳು ಮೀನು ಬಿಟ್ಟರೆ ಕಲ್ಲಿನ ಬ್ಯಾಕ್ಟೀರಿಯಾ ಅಷ್ಟು ಅಮೋನಿಯಕ್ಕೆ ಬೆಳೆದಿರುವುದಿಲ್ಲ. ಎರಡು ಬಿಟ್ಟು, ಕೆಲವು ವಾರ ಕಾದು, ಮತ್ತೆ ಟೆಸ್ಟ್ ಮಾಡಿ ಮುಂದಿನದು.