ಮಂದ್ರದಲ್ಲಿ ಹಾಡಿದ ಟ್ಯೂಬಾ

ಕೇಳುಗರಿಗೆ ನಮಸ್ಕಾರ.

ಈ ಹೊತ್ತು ನಾನು ಹೇಳಹೊರಟಿರುವುದು ‘ಡೀಡ್ಸ್, ನಾಟ್ ವರ್ಡ್ಸ್’ ಎಂಬ ಜಾಝ್ ರೆಕಾರ್ಡಿನ ವಿಚಾರ. ನುಡಿಯಲ್ಲ, ನಡೆ ಅಂತ ಅದರರ್ಥ. ಡ್ರಮ್ ವಾದಕ ಮ್ಯಾಕ್ಸ್ ರೋಚ್ 1958ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಇದನ್ನು ಮುದ್ರಿಸಿದರು. ಹೊರತಂದದ್ದು ರಿವರ್‌ಸೈಡ್ ಕಂಪನಿ.

ಅದಕ್ಕೆ ಎರಡು ವರ್ಷ ಮೊದಲು, 1956ರ ಜೂನ್‌ನಲ್ಲಿ, ರೋಚ್ ಅವರ ತಂಡದ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಮತ್ತು ಪಿಯಾನೊ ವಾದಕ ರಿಚೀ ಪೊವೆಲ್ ಒಂದೇ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಈ ರೆಕಾರ್ಡಿನ ಹೊತ್ತಿಗೆ ತಂಡದಲ್ಲಿ ಪಿಯಾನೊ ಇಲ್ಲ. ಟ್ರಂಪೆಟ್ ಹಿಡಿದವನು ಮೆಂಫಿಸ್‌ನ ಬುಕರ್ ಲಿಟ್ಲ್, ವಯಸ್ಸು ಇಪ್ಪತ್ತು. ಟೆನರ್ ಸ್ಯಾಕ್ಸೊಫೋನ್ ಜಾರ್ಜ್ ಕೋಲ್ಮನ್, ಕೆಳಸ್ಥಾಯಿಯಲ್ಲಿ ಹಾಡಿಗೆ ಆಧಾರ ಕೊಡುವ ತಂತಿವಾದ್ಯ ಬಾಸ್‌ಗೆ ಆರ್ಟ್ ಡೇವಿಸ್. ಇವರ ಜೊತೆಗೆ ಹದಿನೆಂಟರ ರೇ ಡ್ರೇಪರ್, ಅವನ ಕೈಯಲ್ಲಿ ಟ್ಯೂಬಾ!

ಮೆರವಣಿಗೆಯ ಬ್ಯಾಂಡುಗಳಲ್ಲಿ ‘ಪೊಂ, ಪೊಂ’ ಎಂದು ಹೆಜ್ಜೆಗೆ ತಾಳ ಕೊಡುತ್ತದಲ್ಲ, ಆ ಬಳಗದ ಹಿತ್ತಾಳೆ ವಾದ್ಯ ಅದು. ಟ್ರಂಪೆಟ್ಟಿನ ಕೊಳವೆಯನ್ನು ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು 4.5 ಅಡಿ, ದೊಡ್ಡ ಬಿ-ಫ್ಲಾಟ್ ಟ್ಯೂಬಾದ್ದು 18 ಅಡಿ. ನಾಲ್ಕು ಪಟ್ಟು ಉದ್ದ, ಎರಡು ಸ್ಥಾಯಿ ಕೆಳಗಿನ ದನಿ. ಜಾಝ್‌ನ ಆರಂಭದ ದಿನಗಳಲ್ಲಿ ಬಾಸ್‌ನ ಕೆಲಸವನ್ನು ಇದೇ ಮಾಡುತ್ತಿತ್ತು. ತಂತಿಯ ಬಾಸ್ ಬಂದಮೇಲೆ ಇದು ಮೂಲೆ ಸೇರಿತು.

ರೋಚ್ ಅವರ ತಂಡದಲ್ಲಿ ಬಾಸ್ ಇದ್ದೇ ಇದೆ. ಹಾಗಾಗಿ ಟ್ಯೂಬಾ ಹೊರೆ ಹೊರಬೇಕಿಲ್ಲ, ಹಾಡಬಹುದು. ನನ್ನನ್ನು ಈ ರೆಕಾರ್ಡಿಗೆ ಮತ್ತೆ ಮತ್ತೆ ಎಳೆಯುವುದು ಈ ಬಿಡುಗಡೆಯೇ. ಟ್ರಂಪೆಟ್ ಮೇಲೆ, ಸ್ಯಾಕ್ಸೊಫೋನ್ ನಡುವೆ, ಟ್ಯೂಬಾ ಮಂದ್ರದಲ್ಲಿ, ಮೂರೂ ಜೊತೆಯಾಗಿ ರಾಗ ನುಡಿಸುವಾಗ ಪಿಯಾನೊ ತುಂಬಬೇಕಿದ್ದ ಜಾಗವನ್ನು ಉಸಿರೇ ತುಂಬುತ್ತದೆ. ಲಿಟ್ಲ್‌ನ ದನಿ ಹೊಳೆಯುತ್ತದೆ, ಆದರೆ ಆ ಹೊಳಪಿನೊಳಗೊಂದು ವಿಷಾದವಿದೆ. ಕೆಳಗಿನ ಆ ಮಂದ್ರ ಇಲ್ಲದಿದ್ದರೆ ಅದು ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ ಎಂದೇ ನನ್ನ ಭಾವನೆ.

ಲಯ ಚುರುಕಾದಾಗ ಡ್ರೇಪರ್ ತಡವರಿಸುತ್ತಾನೆ ಎನ್ನುವವರಿದ್ದಾರೆ. ನಿಜ, ಅವನ ಸ್ವರಗಳು ತುಸು ಭಾರ. ಆದರೆ ಅಷ್ಟು ಅಗಲದ ಕೊಳವೆಗೆ ಎಷ್ಟು ಗಾಳಿ ಬೇಕು ಯೋಚಿಸಿ. ಅವನು ಚಿಕ್ಕ ಚಿಕ್ಕ ಸಾಲುಗಳಲ್ಲಿ ಮಾತಾಡಿ, ನಿಂತು, ಉಸಿರು ತೆಗೆದುಕೊಂಡು ಮುಂದುವರಿಯುತ್ತಾನೆ. ಆ ಶ್ರಮ ಕಿವಿಗೆ ಕೇಳಿಸುತ್ತದೆ, ನನಗೆ ಅದೇ ಇಷ್ಟ.

ಇಂಥ ರೆಕಾರ್ಡ್ ಯಾಕೆ ಮರೆಯಾಯಿತು? ರೋಚ್ ಎಂದರೆ ಜನ ಒಂದೋ ಬ್ರೌನ್ ಜೊತೆಗಿನ ವರ್ಷಗಳನ್ನು ನೆನೆಯುತ್ತಾರೆ, ಇಲ್ಲ 1960ರ ‘ವಿ ಇನ್ಸಿಸ್ಟ್!’ ಎಂಬ ಅವರ ರೆಕಾರ್ಡನ್ನು. ಎರಡು ದೊಡ್ಡ ಮರಗಳ ನೆರಳಲ್ಲಿ ಇದು ಉಳಿದುಹೋಯಿತು. ಆ ಹುಡುಗರಿಗೂ ಕಾಲ ಕರುಣೆ ತೋರಲಿಲ್ಲ. ಲಿಟ್ಲ್ 1961ರ ಅಕ್ಟೋಬರಿನಲ್ಲಿ ಕಾಯಿಲೆಯಿಂದ ತೀರಿಕೊಂಡಾಗ ಬರೀ ಇಪ್ಪತ್ಮೂರು. ಡ್ರೇಪರ್ ಕೊಲೆಯಾದದ್ದು 1982ರಲ್ಲಿ.

ರೆಕಾರ್ಡಿನ ಕೊನೆಯ ತುಣುಕಿನಲ್ಲಿ ರೋಚ್ ಒಬ್ಬರೇ ಡ್ರಮ್ ಬಾರಿಸುತ್ತಾರೆ. ಅದನ್ನು ಇನ್ನೊಂದು ದಿನ ಕೇಳೋಣ. ಈಗ ಡ್ರೇಪರ್ ತಾನೇ ರಚಿಸಿದ ‘ಫಿಲಿಡೆ’. ಟ್ರಂಪೆಟ್ ತಾನಾಗಿಯೇ ನಿಮ್ಮ ಕಿವಿ ಸೆಳೆಯುತ್ತದೆ. ನೀವು ಕೆಳಗಿನ ದನಿಗೆ ಕಿವಿಗೊಡಿ.