ಹಾಲೂಡಿಸುವ ದಿನಗಳ ದಾಂಪತ್ಯ: ಪೂರಕ ಚಿಕಿತ್ಸೆಗಳಲ್ಲಿ ಯಾವುದು ಹಿತ?

ಕೇಳುಗರಿಗೆ ನಮಸ್ಕಾರ.

ಹೆರಿಗೆಯಾಗಿ ತಿಂಗಳುಗಳು ಕಳೆದಿರುತ್ತವೆ, ಗಾಯವೂ ಮಾಗಿರುತ್ತದೆ. ಆದರೂ ಗಂಡ ಹೆಂಡತಿ ಸೇರಿದಾಗ ಉರಿ, ನೋವು. ಎಷ್ಟೋ ಸಲ ಆಸೆಯೇ ಮೂಡುವುದಿಲ್ಲ. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು ಎಂದು ಹೆಣ್ಣುಮಕ್ಕಳು ಸುಮ್ಮನೆ ನುಂಗಿಕೊಳ್ಳುತ್ತಾರೆ. ಕಾರಣ ತಿಳಿದರೆ ಅರ್ಧ ಆತಂಕ ಇಳಿಯುತ್ತದೆ. ಮಗು ಹಾಲು ಕುಡಿಯುವಾಗೆಲ್ಲ ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರುತ್ತದೆ. ಅದರ ಪ್ರಭಾವದಿಂದ ಅಂಡಾಶಯದ ಕೆಲಸ ತಗ್ಗಿ, ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಇಳಿಯುತ್ತದೆ. ಆಗ ಯೋನಿಯ ಒಳಪದರ ತೆಳುವಾಗುತ್ತದೆ, ಪಸೆ ಆರುತ್ತದೆ. ಇದರ ಮೇಲೆ ನಿದ್ದೆಗೇಡು ಬೇರೆ. ಹಾಲೂಡಿಸುವುದು ಕಡಿಮೆಯಾಗಿ ಮುಟ್ಟು ಮರಳಿದಂತೆ ಬಹುಪಾಲು ತಾನೇ ಸರಿಹೋಗುತ್ತದೆ.

ಅಲ್ಲಿಯವರೆಗೆ ಏನು ಮಾಡಬಹುದು? ನಮ್ಮ ಸಲಹೆಯ ತಿರುಳು ಇಷ್ಟೇ: ಮೈಮೇಲೆ ಬಳಸುವ ಉಪಾಯಗಳನ್ನು ಮೊದಲು ನೋಡಿ, ನುಂಗುವ ಔಷಧಿಗಳನ್ನು ಕೊನೆಗಿಡಿ. ನುಂಗಿದ್ದರಲ್ಲಿ ಒಂದಿಷ್ಟು ಹಾಲಿಗೂ ಸೇರಬಹುದು.

ಎಲ್ಲಕ್ಕಿಂತ ಸುಲಭವಾದದ್ದು ಲೂಬ್ರಿಕೆಂಟ್, ಅಂದರೆ ಸೇರುವಾಗ ಜಾರುವಂತೆ ಹಚ್ಚಿಕೊಳ್ಳುವ ಜೆಲ್. ಸುವಾಸನೆ ಇಲ್ಲದ, 'ಬಿಸಿ ಅನುಭವ' ಎಂದೆಲ್ಲ ಬರೆದಿರದ, ನೀರು ಆಧಾರಿತ ಜೆಲ್ ಆರಿಸಿ. ಗ್ಲಿಸರಿನ್ ಬಹಳವಿದ್ದರೆ ಅದು ಒಳಪದರದಿಂದಲೇ ನೀರೆಳೆದು ಉರಿ ಹೆಚ್ಚಿಸುತ್ತದೆ. ಜೆಲ್ ಎಷ್ಟು ಗಾಢ, ಎಷ್ಟು ನೀರೆಳೆಯುತ್ತದೆ ಎಂದು ತೋರಿಸುವ ಆಸ್ಮೊಲಾಲಿಟಿ ಎಂಬ ಅಳತೆ 1200 (mOsm/kg) ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅರ್ಧ ಚಮಚದಷ್ಟು ತೆಗೆದುಕೊಂಡು ಇಬ್ಬರೂ ಹಚ್ಚಿಕೊಳ್ಳಿ. ನಡುವೆ ಒಣಗಿದರೆ ಎರಡು ಹನಿ ನೀರು ಸಾಕು, ಅದು ಮತ್ತೆ ಜಾರುತ್ತದೆ. ಕೊಬ್ಬರಿ ಎಣ್ಣೆಯಂಥ ಎಣ್ಣೆಗಳನ್ನು ಲೇಟೆಕ್ಸ್ ಕಾಂಡೋಮ್ ಜೊತೆ ಬಳಸಬೇಡಿ. ರಬ್ಬರ್ ನಿಮಿಷಗಳಲ್ಲೇ ಸಡಿಲಗೊಂಡು ಹರಿಯಬಹುದು. ಮುಟ್ಟು ಬಂದಿಲ್ಲವೆಂದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದುಕೊಳ್ಳುವವರಿಗೆ ಇದನ್ನು ಒತ್ತಿ ಹೇಳುತ್ತಿದ್ದೇವೆ.

ಲೂಬ್ರಿಕೆಂಟ್ ಆ ಹೊತ್ತಿನ ಮಟ್ಟಿಗೆ. ದಿನವಿಡೀ ಒಣಗಿ ಕೆರೆತವಿದ್ದರೆ ಯೋನಿಯ ಮಾಯಿಶ್ಚರೈಸರ್ ಬೇಕು. ತೇವ ಹಿಡಿದಿಡುವ ಹೈಯಲುರಾನಿಕ್ ಆಮ್ಲವಿರುವುದನ್ನು ವಾರಕ್ಕೆ ಎರಡು ಮೂರು ರಾತ್ರಿ, ಸೇರಿದರೂ ಸೇರದಿದ್ದರೂ, ಬಿಡದೆ ಹಾಕಿಕೊಳ್ಳಬೇಕು. ಒಂದೇ ದಿನ ಹಾಕಿ 'ಪ್ರಯೋಜನವಿಲ್ಲ' ಎಂದು ಬಿಟ್ಟುಬಿಡುವವರೇ ಹೆಚ್ಚು.

ಹೆರಿಗೆಯಲ್ಲಿ ಯೋನಿದ್ವಾರದ ಬಳಿ ಹೊಲಿಗೆ ಬಿದ್ದ ಜಾಗ ಬಿಗಿದಿದ್ದರೆ ಮೆಲ್ಲನೆಯ ಮಸಾಜ್ ನೆರವಾಗುತ್ತದೆ. ಆರು ವಾರ ಕಳೆದು, ಗಾಯ ಪೂರ್ತಿ ಮಾಗಿದೆ ಎಂದು ವೈದ್ಯರು ಹೇಳಿದ ಮೇಲಷ್ಟೇ ಶುರುಮಾಡಿ. ಉಗುರು ಕತ್ತರಿಸಿ, ಕೈ ತೊಳೆದು, ಹೆಬ್ಬೆರಳಿಗೆ ಜೆಲ್ ಹಚ್ಚಿ. ಅದನ್ನು ಯೋನಿಯಲ್ಲಿ ಎರಡು ಮೂರು ಸೆಂಟಿಮೀಟರ್ ಒಳಗಿಟ್ಟು ಗುದದ ಕಡೆಗೆ ಮೆಲ್ಲನೆ ಒತ್ತಿ, ಅರ್ಧ ನಿಮಿಷ ಹಾಗೇ ಹಿಡಿಯಿರಿ. ಆಮೇಲೆ ಎಡಕ್ಕೆ, ಬಲಕ್ಕೆ. ಒಟ್ಟು ಐದು ನಿಮಿಷ. ಎಳೆತ ಅನ್ನಿಸಬೇಕು, ಚುಚ್ಚಿದಂತಾದರೆ ನಿಲ್ಲಿಸಿ.

ಮೂತ್ರ ತಡೆಯುವ ಕೆಳಭಾಗದ ಸ್ನಾಯುಗಳನ್ನು ಬಿಗಿದು ಬಿಡುವ ಕೀಗಲ್ ವ್ಯಾಯಾಮದ ಬಗ್ಗೆ ಒಂದು ಎಚ್ಚರಿಕೆ. ಕೆಮ್ಮಿದಾಗ ಮೂತ್ರ ಸೋರುವವರಿಗೆ ಐದು ಸೆಕೆಂಡ್ ಬಿಗಿಹಿಡಿದು ಹತ್ತು ಸೆಕೆಂಡ್ ಬಿಡುವುದು ಒಳ್ಳೆಯದೇ. ಆದರೆ ನೋವಿನ ಭಯಕ್ಕೆ ಸ್ನಾಯು ಮೊದಲೇ ಸೆಟೆದುಕೊಂಡಿದ್ದರೆ ಇನ್ನೂ ಬಿಗಿದರೆ ನೋವು ಬೆಳೆಯುತ್ತದೆ. ಅಂಥವರು ಬಿಡುವುದನ್ನು ಕಲಿಯಬೇಕು. ಮಲಗಿ, ಮಂಡಿ ಮಡಚಿ, ಹೊಟ್ಟೆ ತುಂಬ ಉಸಿರೆಳೆಯುವಾಗ ಕೆಳಭಾಗ ಸಡಿಲಾಗಿ ಇಳಿಯಲು ಬಿಡಿ. ದಿನಕ್ಕೆ ಐದು ನಿಮಿಷ. ಆಸೆ ಕುಂದಿದವರಿಗೆ ಗಮನಧ್ಯಾನದ (ಮೈಂಡ್‌ಫುಲ್‌ನೆಸ್) ಅಭ್ಯಾಸವೂ ಸಹಾಯ ಮಾಡಬಹುದು. ಅಕ್ಯುಪಂಕ್ಚರ್‌ಗೆ ಇಷ್ಟು ಗಟ್ಟಿಯಾದ ಆಧಾರವಿಲ್ಲ. ಮಾಡಿಸುವುದಾದರೆ ಒಮ್ಮೆ ಬಳಸಿ ಎಸೆಯುವ ಸೂಜಿಯೇ ಇರಲಿ.

ಇನ್ನು ಗಿಡಮೂಲಿಕೆಗಳು. 'ನೈಸರ್ಗಿಕ' ಎಂದ ಕೂಡಲೇ ಕಣ್ಣುಮುಚ್ಚಿ ನುಂಗುವುದು ನಮಗೆ ದಿಗಿಲು ಹುಟ್ಟಿಸುತ್ತದೆ. ಮೆಂತ್ಯದ ಮಾತ್ರೆಗಳನ್ನು ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಭೇದಿಯಾಗಬಹುದು, ರಕ್ತದ ಸಕ್ಕರೆ ಇಳಿಯಬಹುದು. ಕಡಲೆಕಾಯಿ ಆಗದವರಿಗೆ ಅಲರ್ಜಿಯೂ ಆದೀತು. ಸೇಜ್ ಸೊಪ್ಪು, ಪುದೀನದ ಸಾರ ಹೆಚ್ಚಾದರೆ ಹಾಲು ಬತ್ತಬಹುದು. ವೈಟೆಕ್ಸ್ ಎಂಬ ಮೂಲಿಕೆ ಪ್ರೊಲ್ಯಾಕ್ಟಿನ್ ಅನ್ನೇ ಇಳಿಸಬಲ್ಲದು, ಹಾಲೂಡಿಸುವಾಗ ಅದು ಉಲ್ಟಾ ಕೆಲಸ. ಸೇಂಟ್ ಜಾನ್ಸ್ ವರ್ಟ್ ಗರ್ಭನಿರೋಧಕ ಮಾತ್ರೆಯ ಬಲ ತಗ್ಗಿಸುತ್ತದೆ, ಖಿನ್ನತೆಯ ಔಷಧಿಗಳ ಜೊತೆ ಸೇರಿದರೆ ಅಪಾಯ. ಕಾಮೋತ್ತೇಜಕ ಎಂದು ಮಾರುವ ಕೆಲವು ಪುಡಿ ಮಾತ್ರೆಗಳಲ್ಲಿ ಗುಟ್ಟಾಗಿ ಸೇರಿಸಿದ ಅಲೋಪತಿ ಔಷಧಿ ಸಿಕ್ಕಿದ್ದುಂಟು.

ಯೋನಿಗೆ ಆವಿ ಹಿಡಿಯುವುದು, ಒಳಗೆ ನೀರು ಹಾಯಿಸಿ ತೊಳೆಯುವುದು, ಸುಗಂಧ ತೈಲ ಹಚ್ಚುವುದು, ಈ ಮೂರೂ ಬೇಡ. ಮೊದಲನೆಯದರಿಂದ ಸುಟ್ಟೀತು, ಎರಡನೆಯದರಿಂದ ಒಳ್ಳೆಯ ಸೂಕ್ಷ್ಮಾಣುಗಳು ತೊಳೆದುಹೋಗುತ್ತವೆ, ಮೂರನೆಯದು ಉರಿಗೆ ದಾರಿ.

ಸೇರುವಾಗ ಹಾಲು ಸೋರುವುದೂ ಉಂಟು. ಆ ಹೊತ್ತಿನಲ್ಲಿ ಏರುವ ಆಕ್ಸಿಟೋಸಿನ್ ಹಾರ್ಮೋನ್ ಹಾಲನ್ನೂ ಇಳಿಸುತ್ತದೆಯಲ್ಲ! ಮೊದಲೇ ಮಗುವಿಗೆ ಕುಡಿಸಿ, ಒಂದು ಟವೆಲ್ ಹತ್ತಿರ ಇಟ್ಟುಕೊಂಡರಾಯಿತು.

ಇಷ್ಟೆಲ್ಲ ಮಾಡಿಯೂ ಕೆಲವು ವಾರಗಳಲ್ಲಿ ನೋವು ತಗ್ಗದಿದ್ದರೆ, ರಕ್ತ, ಕೆಟ್ಟ ವಾಸನೆಯ ಸ್ರಾವ, ಜ್ವರ ಕಂಡರೆ, ಅಥವಾ ಯಾವುದರಲ್ಲೂ ಮನಸ್ಸಿಲ್ಲದೆ ಅಳು ಒತ್ತರಿಸಿ ಬರುತ್ತಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಕೇಳಿ. ಯೋನಿಯೊಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮನ್ನು ಅವರು ಬರೆದುಕೊಡಬಹುದು. ಅದರಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಹಾಲೂಡಿಸುತ್ತಿರುವ ವಿಷಯ, ಮಗುವಿನ ವಯಸ್ಸು, ನುಂಗುತ್ತಿರುವ ಪ್ರತಿಯೊಂದು ಮೂಲಿಕೆಯ ಹೆಸರನ್ನೂ ಅವರಿಗೆ ಮುಚ್ಚಿಡದೆ ಹೇಳಿ. ನಮಸ್ಕಾರ.