ಮಗುವಿನ ತಪ್ಪನ್ನೇ ಬರೆದಿಟ್ಟುಕೊಳ್ಳಿ

(ಗಂಗಾವತಿಯಲ್ಲಿ ನಲಿಕಲಿ ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸ. ನಲಿಕಲಿ ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳ ಮೂಲಕ ಕಲಿಸುವ ಕ್ರಮ)

ಗುರುಗಳೇ, ಗುರುಮಾತೆಯರೇ, ಎಲ್ಲರಿಗೂ ನಮಸ್ಕಾರ.

ಚಿಕ್ಕ ಮಕ್ಕಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರದ ನಿಪುಣ ಭಾರತ ಯೋಜನೆ 2021ರ ಜುಲೈನಲ್ಲಿ ಶುರುವಾಯಿತು. ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, 2026-27ರೊಳಗೆ ಈ ಗುರಿ ಮುಟ್ಟಬೇಕು ಅಂತ ಅದರಲ್ಲಿದೆ. ಸುತ್ತೋಲೆ ನೀವೆಲ್ಲ ಓದಿದ್ದೀರಿ, ಅದನ್ನು ನಾನು ಮತ್ತೆ ಹೇಳುವುದಿಲ್ಲ. ನನಗೆ ಹೇಳಬೇಕಾದದ್ದು ಒಂದೇ. ಮಗು ಓದುವಾಗ ಎಷ್ಟು ತಪ್ಪಾಯಿತು ಅಂತ ಎಣಿಸಿ ಸುಮ್ಮನಾಗಬೇಡಿ. ಏನು ತಪ್ಪಾಯಿತೋ ಅದನ್ನೇ ಬರೆದಿಟ್ಟುಕೊಳ್ಳಿ.

ಇದೇ ತಾಲ್ಲೂಕಿನ ಒಂದು ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದ ರೈತರು ನೆಲೆಸಿದ ಊರಿನ, ಶಾಲೆಗೆ ಹೋಗಿದ್ದೆ. ಎರಡನೇ ತರಗತಿಯ ಹುಡುಗ. ಮನೆಯಲ್ಲಿ ತೆಲುಗು. ಪಠ್ಯಪುಸ್ತಕ ಕೊಟ್ಟರೆ ಪುಟವನ್ನು ಗಡಗಡ ಓದಿದ. ಬೆರಳು ಮಾತ್ರ ಎರಡು ಸಾಲು ಹಿಂದೆ ಇತ್ತು! ಚಿತ್ರದ ಮೇಲೆ ಕೈ ಇಟ್ಟು ಮುಚ್ಚಿದೆ. ಹುಡುಗನೂ ನಿಂತುಬಿಟ್ಟ. ಬಾಯಿಪಾಠ ಅದು. ಗುರುಮಾತೆಗೆ ಬಹಳ ಬೇಜಾರಾಯಿತು. ‘ಸರ್, ಇವನು ಓದ್ತಾನೆ ಅಂತಾನೇ ಬರ್ದಿದ್ದೆ’ ಅಂದರು. ಹಾಗಾದರೆ ಓದುವುದಿಲ್ಲ ಅಂತ ತಿದ್ದಿ ಬರೆಯೋದಾ? ಅದೂ ತಪ್ಪಾಗುತ್ತಿತ್ತು.

ಸ್ಲೇಟಿನ ಮೇಲೆ ಅವನು ನೋಡಿರದ ಒಂದು ಸಾಲು ಬರೆದೆ. ‘ಅಜ್ಜಿ ಬೆಣ್ಣೆ ತಂದಳು.’ ನಿಧಾನವಾಗಿ ಓದಿದ: ‘ಅಜಿ ಬೆಣೆ ತಂದಳು.’ ನೋಡಿ, ಇಲ್ಲಿದೆ ವಿಷಯ. ಮೂಲಾಕ್ಷರ ಗೊತ್ತು. ಗುಣಿತ ಗೊತ್ತು. ಸೊನ್ನೆ ಬಿಡಲಿಲ್ಲ. ಬಿಟ್ಟದ್ದು ಒತ್ತಕ್ಷರ ಮಾತ್ರ. ‘ಸೂರ್ಯ’ ಬರೆದೆ. ‘ಸೂಯ’ ಅಂದ. ಅರ್ಕಾವೊತ್ತೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಇಂಥ ಹುಡುಗನನ್ನು ಮತ್ತೆ ‘ಅ ಆ ಇ ಈ’ಗೆ ಕೂರಿಸಿದರೆ ಅವನ ಮೂರು ತಿಂಗಳು ವ್ಯರ್ಥ. ಅವನಿಗೆ ಬೇಕಿದ್ದದ್ದು ಅಕ್ಕ, ಅಜ್ಜ, ಹಳ್ಳಿ, ಬೆಲ್ಲ.

ಕಥೆ ಇನ್ನೂ ಮುಗಿದಿಲ್ಲ. ‘ಬೆಣ್ಣೆ ಯಾರು ತಂದರು?’ ಅಂತ ಕೇಳಿದೆ. ಅವನು ಸ್ಲೇಟನ್ನು ಮತ್ತೆ ನೋಡಿದ, ತುಟಿ ಆಡಿಸಿದ, ಆಮೇಲೆ ಜೋರಾಗಿ, ‘ಅಮ್ಮಮ್ಮ ತೆಚ್ಚಿಂದಿ!’ ಅಂದ. ಅಜ್ಜಿ ತಂದಳು ಅಂತ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಅವನಿಗೆ ಅರ್ಥ ಆಗಿದೆ ಅಲ್ವಾ? ತೆಲುಗಿನಲ್ಲಿ ಅರ್ಥ ಆದರೂ ಅದು ಅರ್ಥವೇ. ತಾಂಡಾದ ಮಗು ಲಂಬಾಣಿಯಲ್ಲಿ ಉತ್ತರ ಹೇಳಿದರೆ ಅದಕ್ಕೂ ಪೂರ್ತಿ ಅಂಕ ಕೊಡಿ. ನಿಮಗೆ ಆ ಭಾಷೆ ಬರದಿದ್ದರೆ ಪಕ್ಕದ ಮಗುವನ್ನು ಕೇಳಿ, ಖುಷಿಯಿಂದ ಹೇಳುತ್ತದೆ.

ಇನ್ನೊಂದು. ‘ಮನೆಯಲ್ಲಿ ಆಕಳು ಇದೆ’ ಅಂತ ಬರೆದಿರುತ್ತದೆ. ನಮ್ಮ ಕೊಪ್ಪಳದ ಮಗು ‘ಆಕಳು ಐತಿ’ ಅಂತ ಓದುತ್ತದೆ. ದಯವಿಟ್ಟು ಅದಕ್ಕೆ ಕೆಂಪು ಗೆರೆ ಎಳೆಯಬೇಡಿ. ಸಾಲಿನ ಅರ್ಥ ತಲೆಗೆ ಹೋಗಿ, ಮನೆಮಾತಾಗಿ ಹೊರಗೆ ಬಂದಿದೆ. ‘ಧನ’ವನ್ನು ‘ದನ’ ಅಂದರೆ ಅದು ಉಚ್ಚಾರದ ಮಾತು. ‘ಪ’ವನ್ನು ‘ವ’ ಅಂತ, ‘ಮ’ವನ್ನು ‘ಯ’ ಅಂತ ಓದಿದರೆ ಅದು ಕಣ್ಣಿನ ಗುರುತಿನ ಮಾತು. ಮೂರಕ್ಕೂ ಬೇರೆ ಬೇರೆ ಕೆಲಸ ಮಾಡಬೇಕು. ಎಲ್ಲಕ್ಕೂ ಒಂದೊಂದು ಅಂಕ ಕಳೆದರೆ ನಾಳೆ ಏನು ಕಲಿಸಬೇಕು ಅಂತ ಹೇಗೆ ತಿಳಿಯುತ್ತದೆ? ಅದಕ್ಕೇ ಹೇಳಿದ್ದು, ತಪ್ಪನ್ನೇ ಬರೆದಿಟ್ಟುಕೊಳ್ಳಿ.

2005ರಿಂದ ಪ್ರಥಮ್ ಸಂಸ್ಥೆಯವರು ನಡೆಸುವ ಅಸರ್ ಸಮೀಕ್ಷೆ ನೋಡಿ. ಮನೆಗೆ ಹೋಗಿ ಒಂದೊಂದೇ ಮಗುವನ್ನು ಕೂರಿಸಿಕೊಂಡು ಓದಿಸುತ್ತಾರೆ. ಮೊದಲು ಒಂದನೇ ತರಗತಿ ಮಟ್ಟದ ಚಿಕ್ಕ ಪ್ಯಾರಾ. ಸರಾಗವಾಗಿ ಓದಿದರೆ ಎರಡನೇ ತರಗತಿ ಮಟ್ಟದ ಕಥೆ. ಆಗದಿದ್ದರೆ ಪದ, ಅದೂ ಆಗದಿದ್ದರೆ ಅಕ್ಷರ. ಒಂದು ಹಾಳೆಯ ಕೆಲಸ. ಅದನ್ನು ದೇಶದ ಲೆಕ್ಕಕ್ಕೆ ಮಾಡಿದ್ದು, ನಿಮ್ಮ ತರಗತಿಗೆ ಅಷ್ಟೇ ಸಾಲದು. ಆದರೆ ಒಬ್ಬೊಬ್ಬರನ್ನೇ ಓದಿಸುವ ಆ ಕ್ರಮ ನಮಗೆ ಬೇಕು. ಎಲ್ಲರೂ ಒಟ್ಟಿಗೆ ಕೂಗಿ ಓದಿದಾಗ ಯಾರು ಓದಿದರು, ಯಾರು ಬಾಯಿ ಆಡಿಸಿದರು ಅಂತ ಗೊತ್ತಾಗುವುದಿಲ್ಲ.

ಈಗ ಗಡಿಯಾರದ ಮಾತು. ಎರಡನೇ ತರಗತಿ ಮುಗಿದಾಗ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದಕ್ಕೆ ಕನಿಷ್ಠ 60 ಅಂತ ನಿಪುಣ ಗುರಿಯಲ್ಲಿದೆ. ವೇಗ ಬೇಕು, ಬೇಡ ಅನ್ನುವುದಿಲ್ಲ. ಒಂದೊಂದೇ ಅಕ್ಷರ ಎಳೆಯುತ್ತಿದ್ದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಶುರು ಮರೆತುಹೋಗಿರುತ್ತದೆ. ಆದರೆ ಕನ್ನಡದಲ್ಲಿ ‘ಮರ’ವೂ ಒಂದು ಪದ, ‘ಬರುತ್ತಿದ್ದಾಗ’ ಕೂಡ ಒಂದು ಪದ. ಎರಡಕ್ಕೂ ಒಂದೇ ಲೆಕ್ಕ ಹಾಕಿದರೆ ಮಗುವಿಗೆ ಅನ್ಯಾಯ. ಇನ್ನು ನಮ್ಮ ಅಕ್ಷರಗಳೋ, ಗುಣಿತ, ಒತ್ತು ಸೇರಿ ನೂರಾರು. ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಕನ್ನಡದ ಮಕ್ಕಳಿಗೆ ಅಕ್ಷರಗಳೆಲ್ಲ ಕೈವಶವಾಗಲು ಮೂರನೇ, ನಾಲ್ಕನೇ ತರಗತಿವರೆಗೂ ಕಾಲ ಬೇಕು. ಹಾಗಾಗಿ ಎರಡನೇ ತರಗತಿಯಲ್ಲಿ ಒತ್ತು ಬಿಡುವ ಮಗುವನ್ನು ದಡ್ಡ ಅನ್ನಬೇಡಿ. ಆ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಮೂರು ತರಗತಿ ಒಟ್ಟಿಗೆ ಇರುವಾಗ ಇದೆಲ್ಲ ಯಾವಾಗ ಮಾಡೋದು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ತಟ್ಟೆಗಳಲ್ಲಿ, ಅಂದರೆ ತಮ್ಮ ತಮ್ಮ ಗುಂಪುಗಳಲ್ಲಿ, ಮಕ್ಕಳು ಕಾರ್ಡು ಹಿಡಿದು ಕೂತಾಗ ದಿನಕ್ಕೆ ಇಬ್ಬರನ್ನು ಕರೆಯಿರಿ. ಒಬ್ಬರಿಗೆ ಮೂರ್ನಾಲ್ಕು ನಿಮಿಷ ಸಾಕು. ಪ್ರಗತಿ ನೋಟದಲ್ಲಿ, ಅಂದರೆ ಕಲಿಕೆ ದಾಖಲಿಸುವ ಪಟ್ಟಿಯಲ್ಲಿ, ಮಗು ಮುಟ್ಟಿದ ಮೆಟ್ಟಿಲು ಗುರುತಿಸುತ್ತೀರಲ್ಲ, ಜೊತೆಗೊಂದು ನೋಟ್‌ಬುಕ್ ಇಡಿ, ಮಗುವಿಗೊಂದು ಪುಟ.

ಗುಳೆ ಹೋಗಿ ಬಂದ ಮಕ್ಕಳನ್ನು ಬಂದ ವಾರವೇ ಓದಿಸಿ ನೋಡಿ. ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡಿದರೆ ಆಗುವುದಿಲ್ಲ, ಕೆಲವು ಮರೆತಿರುತ್ತವೆ.

ಬಾಗಿಲ ಹತ್ತಿರ ಹಾಳೆಗಳಿವೆ. ಮೊದಲನೆಯದರಲ್ಲಿ ಒತ್ತಕ್ಷರ ಇಲ್ಲದ ನಾಲ್ಕು ಸಾಲು, ಎರಡನೆಯದರಲ್ಲಿ ‘ಅಜ್ಜ’ದಂಥ ಸಜಾತಿ ಒತ್ತು, ಮೂರನೆಯದರಲ್ಲಿ ‘ಸೂರ್ಯ’ದಂಥ ವಿಜಾತಿ ಒತ್ತು. ಸೋಮವಾರ ಇಬ್ಬರು ಮಕ್ಕಳಿಗೆ ಓದಿಸಿ, ಅವರು ಅಂದದ್ದನ್ನು ಅಂದ ಹಾಗೇ ಬರೆದುಕೊಂಡು ಮುಂದಿನ ಸಭೆಗೆ ತನ್ನಿ. ಅಂಕ ಹಾಕಬೇಡಿ. ಈಗ ಪ್ರಶ್ನೆ ಇದ್ದರೆ ಕೇಳಿ.